ದೋಣಿಯಿಂದ ಏರ್ ಶೋ ನೋಡಬಹುದಾ? ಕೂತೇ ನೋಡುವುದಾದರೆ ನೋಡಬಹುದು

ಪ್ರಶ್ನೆ: ನಾವು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು. ಆಫೀಸಿನಲ್ಲಿ ಒಟ್ಟು 11 ಜನ. ವರ್ಷಕ್ಕೊಂದು ಸಲ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗುತ್ತೇವೆ. ನಮ್ಮಲ್ಲೊಬ್ಬಳು ಅಣ್ಣನ ಮನೆಗೆಂದು ಚಿಕಾಗೋಗೆ ಹೋಗಿದ್ದಾಗ ಅಲ್ಲಿಯ ಏರ್ ಶೋವನ್ನು ಸರೋವರದಲ್ಲಿ ದೋಣಿಯಿಂದ ನೋಡಿ ಬಂದಿದ್ದಾಳೆ. ಅವತ್ತಿನಿಂದ ಅವಳದ್ದು ಅದೇ ಮಾತು. ಮುಂದೆ ನಮ್ಮ ವಾಯುಪಡೆಯದ್ದೋ ನೌಕಾಪಡೆಯದ್ದೋ ಶೋ ಕಡಲ ತೀರದಲ್ಲಿ ನಡೆದರೆ ಒಂದು ದೋಣಿ ಬಾಡಿಗೆಗೆ ಹಿಡಿಯೋಣ ಅಂತ ಮಾತಾಗಿದೆ. ದಡಕ್ಕಿಂತ ದೋಣಿಯಿಂದ ಚೆನ್ನಾಗಿ ಕಾಣುತ್ತದಾ? ಏನೇನು ತಯಾರಿ ಬೇಕು? ಮ್ಯಾನೇಜರ್ ಸಾರ್‌ಗೆ ಈಜು ಬರುವುದಿಲ್ಲ, ಆದರೆ ಎಲ್ಲರಿಗಿಂತ ಉತ್ಸಾಹ ಜಾಸ್ತಿ ಇರುವುದು ಅವರಿಗೇ.

ಉತ್ತರ: ಮ್ಯಾನೇಜರ್ ಸಾರ್ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನನ್ನ ಪರಿಚಯ ಒಂದು ಸಾಲು: ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು, ಅದರಲ್ಲಿ ಕೆಲವು ವರ್ಷ ಬೀದರ್‌ನಲ್ಲಿದ್ದೆ. ನಿವೃತ್ತಿಯಾದ ಮೇಲೆ ಹಾಸನದಲ್ಲಿದ್ದೇನೆ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಬೀದರ್‌ನಲ್ಲಿ. ಆಗ ಅವರು ಹಾರಿಸುತ್ತಿದ್ದದ್ದು ನಮ್ಮ ಎಚ್‌ಎಎಲ್ ಮಾಡಿದ ಕಿರಣ್ ವಿಮಾನ. 2011ರಲ್ಲಿ ತಂಡ ನಿಂತುಹೋಗಿ, 2015ರಲ್ಲಿ ಹಾಕ್ ವಿಮಾನಗಳ ಜೊತೆ ಮತ್ತೆ ಶುರುವಾಯಿತು. ಹಾಗಾಗಿ ಏರ್ ಶೋವನ್ನು ನಾನು ಬಹಳ ಸಲ ರನ್‌ವೇ ಪಕ್ಕ ನಿಂತು ನೋಡಿದ್ದೇನೆ. ದೋಣಿಯಿಂದ ನೋಡಿದ್ದು ಒಂದೇ ಸಲ. ಆ ಒಂದು ಸಲದಲ್ಲಿ ಕಲಿತದ್ದೇ ಈ ಉತ್ತರದಲ್ಲಿ ಜಾಸ್ತಿ ಇರುತ್ತದೆ.

ನಿಮ್ಮ ಯೋಚನೆ ಹುಚ್ಚಲ್ಲ. ಈಚಿನ ವರ್ಷಗಳ ದೊಡ್ಡ ಶೋಗಳನ್ನು ನೋಡಿ, ಹಲವು ನೀರಿನ ಹತ್ತಿರವೇ. ವಾಯುಪಡೆ ದಿನದ ಹಾರಾಟ ಮೊದಲು ದೆಹಲಿ ಪಕ್ಕದ ಹಿಂಡನ್‌ನಲ್ಲಿ ನಡೆಯುತ್ತಿತ್ತು. 2022ರಲ್ಲಿ ಅದು ಚಂಡೀಗಢದ ಸುಖ್ನಾ ಕೆರೆಗೆ ಬಂತು, 2023ರಲ್ಲಿ ಪ್ರಯಾಗ್‌ರಾಜ್‌ನ ಸಂಗಮಕ್ಕೆ, 2024ರಲ್ಲಿ ಚೆನ್ನೈನ ಮರೀನಾಕ್ಕೆ. ನೌಕಾಪಡೆಯವರೂ ಡಿಸೆಂಬರ್‌ನ ತಮ್ಮ ದಿನಕ್ಕೆ 2023ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ, 2024ರಲ್ಲಿ ಒಡಿಶಾದ ಪುರಿ ಅಂತ ಬೇರೆ ಬೇರೆ ಕಡಲ ತೀರಕ್ಕೆ ಹೋದರು. ಇದು ಬರೀ ಚಂದಕ್ಕಲ್ಲ. ನೀರಿನ ಮೇಲೆ ಮನೆ ಇಲ್ಲ, ಕರೆಂಟ್ ಕಂಬ ಇಲ್ಲ, ಟವರ್ ಇಲ್ಲ. ಎಡವಟ್ಟಾದರೆ ಬೀಳುವ ಜಾಗದಲ್ಲಿ ಜನ ಇರುವುದಿಲ್ಲ.

ಜನ ಇರುವುದಿಲ್ಲ ಅನ್ನುವ ಈ ಮಾತಿನಲ್ಲೇ ದೋಣಿಯವರ ಕಷ್ಟ ಇದೆ. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ಮೂರು ವಿಮಾನ ಆಕಾಶದಲ್ಲಿ ಡಿಕ್ಕಿಯಾಗಿ ಅದರಲ್ಲೊಂದು ಉರಿಯುತ್ತಾ ಜನರ ಮೇಲೇ ಬಿತ್ತು, 70 ಜನ ಸತ್ತರು. ಆ ವಿಮಾನ ಜನರ ಕಡೆಗೇ ಮುಖ ಮಾಡಿ ಬರುತ್ತಿತ್ತು. ಅದಾದ ಮೇಲೆ ಎಲ್ಲಾ ಕಡೆ ಬಿಗಿ ಮಾಡಿದರು. ಕಸರತ್ತು ಜನರ ಮುಂದೆ ಅಡ್ಡಕ್ಕೆ ನಡೆಯಬೇಕು, ಇಂತಿಷ್ಟು ದೂರ ಇರಬೇಕು, ಕೆಳಗೆ ಯಾರೂ ಇರಬಾರದು. ಅಂದರೆ ಕಡಲಿನಲ್ಲಿ ಒಂದು ದೊಡ್ಡ ಚೌಕಟ್ಟು ಹಾಕಿ ಅದರೊಳಗೆ ದೋಣಿ ಬಿಡುವುದಿಲ್ಲ. ಚಿಕಾಗೋದಲ್ಲೂ ಹಾಗೇ. ಅಲ್ಲಿ 1959ರಿಂದ ಈ ಶೋ ನಡೆಯುತ್ತಿದೆ, ನೋಡಲು ಟಿಕೆಟ್ ಇಲ್ಲ, ಮಿಷಿಗನ್ ಸರೋವರದಲ್ಲಿ ದೋಣಿಗಳು ಸಾಲಾಗಿ ಲಂಗರು ಹಾಕುತ್ತವೆ, ಆದರೆ ಕೋಸ್ಟ್ ಗಾರ್ಡ್ ಹಾಕಿದ ಗೆರೆಯ ಆಚೆ. ನಿಮ್ಮ ಗೆಳತಿ ನೋಡಿದ್ದೂ ಆ ಗೆರೆಯ ಆಚೆಯಿಂದಲೇ ಇರಬೇಕು. ನಮ್ಮಲ್ಲಿ ಈ ಗೆರೆ ಎಲ್ಲಿ ಅಂತ ಶೋಗೆ ಮುಂಚೆ ಪೊಲೀಸರು, ಬಂದರಿನವರು, ಕೋಸ್ಟ್ ಗಾರ್ಡ್‌ನವರು ತೀರ್ಮಾನಿಸುತ್ತಾರೆ. ಇಡೀ ಆ ಕಡೆಯ ನೀರನ್ನೇ ಮುಚ್ಚಿಬಿಡುವುದೂ ಉಂಟು. ಅದನ್ನು ಕೇಳಿಕೊಳ್ಳದೆ ದೋಣಿಗೆ ಅಡ್ವಾನ್ಸ್ ಕೊಡಬೇಡಿ. 'ನಾನು ಕರ್ಕೊಂಡು ಹೋಗ್ತೀನಿ, ಎಲ್ಲಾ ನನಗೆ ಗೊತ್ತು' ಅನ್ನುವ ದೋಣಿಯವನನ್ನು ನಂಬಿ ದುಡ್ಡು ಕಳಕೊಂಡವರಲ್ಲಿ ನಾನೂ ಒಬ್ಬ.

ಈಗ ಚೆನ್ನಾಗಿ ಕಾಣುತ್ತದಾ ಅನ್ನುವ ಪ್ರಶ್ನೆ. ಏರ್ ಶೋ ಅಂದರೆ ಒಂದು ನಾಟಕ, ಅದಕ್ಕೊಂದು ಮುಂಭಾಗ ಇರುತ್ತದೆ. ದಡದ ಮೇಲೆ ವೇದಿಕೆ ಹಾಕಿರುತ್ತಾರಲ್ಲ, ಅದರ ಎದುರಿನ ಬಿಂದುವನ್ನು ಲೆಕ್ಕಕ್ಕೆ ಇಟ್ಟುಕೊಂಡು ಪೈಲಟ್‌ಗಳು ಪ್ರತಿಯೊಂದು ತಿರುವನ್ನೂ ಅಭ್ಯಾಸ ಮಾಡಿರುತ್ತಾರೆ. ಎರಡು ವಿಮಾನ ಎದುರುಬದುರು ಬಂದು ಇನ್ನೇನು ಡಿಕ್ಕಿ ಆಯಿತು ಅನ್ನುವ ಹೊತ್ತಿಗೆ ಸರ್ರನೆ ದಾಟಿಹೋಗುತ್ತವೆ, ದಡದಲ್ಲಿ ಎಲ್ಲರೂ ಅಯ್ಯಯ್ಯೋ ಅನ್ನುತ್ತಾರೆ. ನಿಜಕ್ಕೂ ಒಂದು ವಿಮಾನ ಜನರಿಗೆ ಹತ್ತಿರ ಇರುತ್ತದೆ, ಇನ್ನೊಂದು ಅದಕ್ಕಿಂತ ಆಚೆ. ಎದುರಿನಿಂದ ನೋಡಿದರೆ ಆ ಅಂತರ ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ಎರಡರ ಮಧ್ಯೆ ಎಷ್ಟು ಜಾಗ ಇದೆ ಅಂತ ಗೊತ್ತಾಗಿಬಿಡುತ್ತದೆ. ಯಕ್ಷಗಾನವನ್ನು ವೇಷ ಕಟ್ಟುವ ಚೌಕಿಯ ಕಡೆಯಿಂದ ನೋಡಿದ ಹಾಗೆ. ಕೆಲವರಿಗೆ ಇದರಿಂದ ಮಜಾ ಹೋಗುತ್ತದೆ. ನನ್ನಂಥವರಿಗೆ ಅದೇ ಮಜಾ, ಯಾಕೆಂದರೆ ಆ ಅಂತರವನ್ನು ಅಷ್ಟು ಸರಿಯಾಗಿ ಹಿಡಿದುಕೊಂಡು ಹೋಗುವುದೇ ವಿದ್ಯೆ.

ಹೊಗೆಯಲ್ಲಿ ಹೃದಯ ಬರೆಯುತ್ತಾರಲ್ಲ, ಅದು ಹಿಂದಿನಿಂದಲೂ ಹೃದಯವೇ. ಪಕ್ಕದಿಂದ ನೋಡಿದರೆ ಮಾತ್ರ ಹಾಗಲಕಾಯಿ. ಹಾಗಾಗಿ ದೋಣಿ ನಿಲ್ಲಿಸುವುದಾದರೆ ವೇದಿಕೆಗೆ ನೇರ ಎದುರು, ಗೆರೆಯ ಆಚೆ ನಿಲ್ಲಿಸಬೇಕು. ಉದ್ದಕ್ಕೆ ಒಂದು ತುದಿಯಲ್ಲಿ ಹೋಗಿ ನಿಂತರೆ ವಿಮಾನಗಳು ತಿರುಗಿಕೊಂಡು ಬರುವುದಷ್ಟೇ ಕಾಣುತ್ತದೆ, ಕಸರತ್ತೆಲ್ಲಾ ದೂರದಲ್ಲಿ ಮುಗಿದುಹೋಗಿರುತ್ತದೆ.

ಬೆಳಕಿನ ಲೆಕ್ಕದಲ್ಲಿ ದೋಣಿಗೆ ಒಂದು ಲಾಭ ಇದೆ, ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಪೂರ್ವ ಕರಾವಳಿಯಲ್ಲಿ ಬೆಳಗ್ಗೆ ಶೋ ಇದ್ದರೆ ದಡದವರ ಕಣ್ಣಿಗೆ ನೇರ ಸೂರ್ಯ, ದೋಣಿಯಲ್ಲಿ ದಡದ ಕಡೆ ಮುಖ ಮಾಡಿ ಕೂತವರಿಗೆ ಸೂರ್ಯ ಬೆನ್ನಿಗೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಂಜೆ ಶೋ ಇದ್ದರೂ ಅಷ್ಟೇ. ಬೆಳಕು ಬಿದ್ದ ಮೈ ನಿಮ್ಮ ಕಡೆ ಇರುವುದರಿಂದ ವಿಮಾನದ ಬಣ್ಣ, ಅಕ್ಷರ ಎಲ್ಲಾ ಕಾಣುತ್ತದೆ, ದಡದವರಿಗೆ ಕಪ್ಪು ಕಾಗೆ ಕಂಡ ಹಾಗೆ ಕಾಣುತ್ತದೆ. ಹೊತ್ತು ತಿರುಗುಮುರುಗಾದರೆ ಲಾಭವೂ ತಿರುಗುಮುರುಗು. ಗಾಳಿಯೂ ಹಾಗೇ, ಹಗಲಲ್ಲಿ ಸಾಮಾನ್ಯವಾಗಿ ಕಡಲಿನಿಂದ ದಡಕ್ಕೆ ಬೀಸುತ್ತದೆ, ಹೊಗೆಯೆಲ್ಲಾ ದಡದ ಕಡೆ ಹೋಗಿ ನಿಮ್ಮ ಆಕಾಶ ತಿಳಿಯಾಗಿರುತ್ತದೆ. ಅಂದಹಾಗೆ ಆ ಹೊಗೆ ವಿಮಾನ ಉರಿದದ್ದಲ್ಲ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಗೆ ಡೀಸೆಲ್‌ನಂಥ ಎಣ್ಣೆ ಚಿಮ್ಮಿಸುತ್ತಾರೆ, ಅದು ಆವಿಯಾಗಿ ಹೊರಗಿನ ತಂಪಿಗೆ ಮತ್ತೆ ಸಣ್ಣ ಸಣ್ಣ ಹನಿಯಾಗಿ ಬೆಳ್ಳಗೆ ಕಾಣುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಬಾಯಿಂದ ಹೊಗೆ ಬರುವುದೂ ಇದೇ ಲೆಕ್ಕ.

ಸದ್ದಿನ ವಿಷಯದಲ್ಲಿ ದೋಣಿ ಸೋಲುತ್ತದೆ. ದಡದಲ್ಲಿ ಮೈಕಿನಲ್ಲಿ ಈಗ ಯಾವ ವಿಮಾನ, ಎಲ್ಲಿಂದ ಬರುತ್ತಿದೆ ಅಂತ ಹೇಳುತ್ತಿರುತ್ತಾರೆ. ನಿಮಗೆ ದೋಣಿಯ ಎಂಜಿನ್ ಟಕಟಕ ಬಿಟ್ಟು ಏನೂ ಕೇಳುವುದಿಲ್ಲ. ವಿಮಾನದ ಸದ್ದನ್ನು ನಂಬಿಕೊಂಡು ಹುಡುಕಿದರೆ ಸಿಗುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ಆಚೆ ಇರುವ ಜೆಟ್ಟಿನ ಸದ್ದು ನಿಮ್ಮ ಕಿವಿಗೆ ಬರಲು ಹತ್ತಿರಹತ್ತಿರ 3 ಸೆಕೆಂಡ್ ಬೇಕು. ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಅದು ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ಅಲ್ಲ, ಅದು ಹೋಗುತ್ತಿರುವ ದಿಕ್ಕಿನಲ್ಲಿ ಮುಂದೆ ನೋಡಬೇಕು. 11 ಜನರಲ್ಲಿ ಇಬ್ಬರಿಗೆ ಬೇರೆ ಕೆಲಸ ಕೊಡಬೇಡಿ. ಒಬ್ಬರು ಎಡಗಡೆ, ಒಬ್ಬರು ಬಲಗಡೆ ನೋಡುತ್ತಾ ಇದ್ದು, ಕಂಡ ಕೂಡಲೇ ಕೂಗಿದರೆ ಸಾಕು.

ಇನ್ನು ನಿಜವಾದ ಅಪಾಯ. ಅದು ಮೇಲಿಂದ ಬರುವುದಿಲ್ಲ, ನಿಮ್ಮ ಆಫೀಸಿನವರಿಂದಲೇ ಬರುತ್ತದೆ.

ನಿವೃತ್ತಿಯಾದ ಮೇಲೆ ನಾನು ಹಾಸನದ ಒಂದು ಕಡೆ ಕೆಲಸಕ್ಕೆ ಸೇರಿದ್ದೆ. ಅಲ್ಲಿಯವರು ಸೇರಿ 14 ಜನ, ಪೂರ್ವ ಕರಾವಳಿಯ ಒಂದು ಊರಿಗೆ ಶೋ ನೋಡಲು ಹೋದೆವು. ದೋಣಿ 10 ಜನಕ್ಕೆ ಆಗುವಂಥದ್ದು. ದೋಣಿಯವನು ಪರವಾಗಿಲ್ಲ ಅಂದ, ನಾವೂ ಪರವಾಗಿಲ್ಲ ಅಂದೆವು. ತಪ್ಪು ನನ್ನದೇ, ಗುಂಪಿನಲ್ಲಿ ಎಂಜಿನ್ನು ತೂಕ ಬಲ್ಲವನು ನಾನೊಬ್ಬನೇ, ಬಾಯಿ ಮುಚ್ಚಿಕೊಂಡು ಹತ್ತಿದೆ. ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಹೆಲಿಕಾಪ್ಟರ್‌ಗಳು ಎಡಗಡೆಯಿಂದ ತಗ್ಗಿನಲ್ಲಿ ಬಂದವು. 'ಅಲ್ನೋಡಿ!' ಅಂತ ಒಬ್ಬರು ಎದ್ದರು, ಹಿಂದೆಯೇ ಹನ್ನೆರಡು ಜನ ಎದ್ದರು, ಎಲ್ಲರೂ ಫೋನ್ ಹಿಡಿದುಕೊಂಡು ಎಡಗಡೆಗೇ ಬಂದರು. ದೋಣಿ ವಾಲಿ ನೀರು ಅಂಚಿನ ಮೇಲೆ ಒಳಗೆ ಬಂತು. ದೋಣಿಯವನು ತನ್ನ ಭಾಷೆಯಲ್ಲಿ ಬೈದದ್ದು ನಮಗೆ ಅರ್ಥವಾಗದಿದ್ದರೂ ಅರ್ಥವಾಯಿತು. ಎಲ್ಲರೂ ಗಾಬರಿಯಲ್ಲಿ ಒಟ್ಟಿಗೇ ಬಲಗಡೆಗೆ ಓಡಿದರು, ಅದು ಇನ್ನೂ ದೊಡ್ಡ ತಪ್ಪು. ಯಾರೂ ಬೀಳಲಿಲ್ಲ. ಒಂದು ಫೋನು, ಒಂದು ಡಬ್ಬಿ ಚಿತ್ರಾನ್ನ ಕಡಲಿಗೆ ಹೋಯಿತು. ಆಮೇಲೆ ಹಾರಿದ ಯಾವ ವಿಮಾನವೂ ನನಗೆ ನೆನಪಿಲ್ಲ, ನಾನು ಜನರನ್ನೇ ನೋಡುತ್ತಾ ಕೂತಿದ್ದೆ.

ಲೆಕ್ಕ ಹೀಗೆ. ನಿಮ್ಮ 11 ಜನ ಅಂದರೆ ತಲಾ 65 ಕೆಜಿ ಹಿಡಿದರೂ 700 ಕೆಜಿಗೆ ಮೇಲೆ. ಇದು ದೋಣಿಯ ತಳದಲ್ಲಿ ಕೂತಿದ್ದರೆ ದೋಣಿಗೆ ಬಲ. ಎದ್ದು ನಿಂತರೆ ತೂಕ ಮೇಲಕ್ಕೆ ಹೋಗುತ್ತದೆ, ಒಂದೇ ಬದಿಗೆ ಹೋದರೆ ಅದೇ ತೂಕ ದೋಣಿಯನ್ನು ಮಗುಚಲು ಶುರುಮಾಡುತ್ತದೆ. ನಮ್ಮ ಹೊಳೆಗಳಲ್ಲಿ ತೆಪ್ಪದವರು ಜನರನ್ನು ಸುತ್ತಲೂ ಸಮವಾಗಿ ಕೂರಿಸಿ ಆಮೇಲೆ ಹುಟ್ಟು ಹಾಕುವುದು ಇದಕ್ಕೇ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಾಣಿಸಿದ ಕಾಡುಪ್ರಾಣಿ ನೋಡಲು ಜನ ಒಂದೇ ಕಡೆಗೆ ಸೇರಿದ್ದು ಅದರ ಕಾರಣಗಳಲ್ಲಿ ಒಂದು. ಏರ್ ಶೋದಲ್ಲಿ ಇದು ಎರಡು ನಿಮಿಷಕ್ಕೊಂದು ಸಲ ಆಗುತ್ತದೆ. ನಮ್ಮ ಕಾರವಾರದ ಹತ್ತಿರ 2019ರಲ್ಲಿ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದದ್ದು ನಿಮಗೂ ನೆನಪಿರಬಹುದು. ಇವನ್ನೆಲ್ಲಾ ಹೆದರಿಸಲು ಹೇಳುತ್ತಿಲ್ಲ. ದೋಣಿಯನ್ನು ಆರಿಸುವಾಗ ನೆನಪಿರಲಿ ಅಂತ.

ಆರಿಸುವುದು ಹೇಗೆ? ಜನರನ್ನು ಕರೆದುಕೊಂಡು ಹೋಗಲು ಪರವಾನಗಿ ಇರುವ ದೋಣಿಯೇ ಆಗಬೇಕು. ಮೀನುಗಾರರ ದೋಣಿಗೆ ಪರವಾನಗಿ ಇರುವುದು ಮೀನಿಗೆ, ನಿಮಗಲ್ಲ. ಎಷ್ಟು ಜನ ಅಂತ ಬರೆದಿರುತ್ತಾರೆ, ಆ ಸಂಖ್ಯೆಗಿಂತ ಮೂರ್ನಾಲ್ಕು ಕಮ್ಮಿ ಜನ ಇದ್ದರೆ ಆರಾಮ. ಅಗಲವಾದ ತಳ ಇರಲಿ. ಮಹಡಿ ಇರುವ ದೋಣಿಯಾದರೆ ಮೇಲೆ ಹತ್ತಬೇಡಿ, ಎಷ್ಟೇ ಚೆನ್ನಾಗಿ ಕಂಡರೂ. ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಇಲ್ಲದ ಹಾಗೇ ಲೆಕ್ಕ, ದಡದಲ್ಲೇ ಹಾಕಿ ಪಟ್ಟಿ ಬಿಗಿದುಕೊಳ್ಳಬೇಕು. ಈಜು ಬರುವವರಿಗೂ ಬೇಕು. ಒಬ್ಬರು ಯಜಮಾನಿಕೆ ವಹಿಸಬೇಕು, ಶೋ ನಡೆಯುವಾಗ ಯಾರಾದರೂ ಎದ್ದರೆ ಕೂರಿಸುವುದೇ ಅವರ ಕೆಲಸ. ಇದಕ್ಕೆ ಆಫೀಸಿನಲ್ಲಿ ಯಾರ ಮಾತನ್ನು ಎಲ್ಲರೂ ಕೇಳುತ್ತಾರೋ ಅವರೇ ಆಗಬೇಕು. ಸಾಮಾನ್ಯವಾಗಿ ಅದು ಮ್ಯಾನೇಜರ್ ಅಲ್ಲ, ಸಂಬಳದ ಲೆಕ್ಕ ನೋಡುವವರು.

ವಾಂತಿಯ ವಿಷಯ ನಾಚಿಕೊಳ್ಳದೆ ಮಾತಾಡಿ. ನಿಂತ ದೋಣಿ ಓಡುವ ದೋಣಿಗಿಂತ ಜಾಸ್ತಿ ಹೊಯ್ದಾಡುತ್ತದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಲಂಗರು ಹಾಕಿ ಎರಡು ಗಂಟೆ, ಕತ್ತು ಮೇಲಕ್ಕೆ, ಜೊತೆಗೆ ಡೀಸೆಲ್ ವಾಸನೆ. ಇದಕ್ಕಿಂತ ಒಳ್ಳೆ ಏರ್ಪಾಡು ವಾಂತಿಗೆ ಬೇರೆ ಇಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೇಳುವವರು ಯಾರು ಅಂತ ನಿಮಗೆ ಗೊತ್ತಿರುತ್ತದೆ. ಅವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ತಗೊಳ್ಳಲಿ, ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ವಿಮಾನ ಇಲ್ಲದ ಹೊತ್ತಿನಲ್ಲಿ ದೂರದ ನೀರು ಆಕಾಶ ಸೇರುವ ಗೆರೆಯನ್ನು ನೋಡುತ್ತಾ ಇರಬೇಕು, ಫೋನ್ ನೋಡಬಾರದು. ಖಾಲಿ ಹೊಟ್ಟೆಯೂ ಬೇಡ, ಬಿಗಿಯಾಗಿ ತಿಂದದ್ದೂ ಬೇಡ. ಎರಡು ಇಡ್ಲಿ ಸಾಕು.

ಬಿಸಿಲು ವಾಂತಿಗಿಂತ ಕೆಟ್ಟದ್ದು. 2024ರ ಅಕ್ಟೋಬರ್ 6ರಂದು ಮರೀನಾದಲ್ಲಿ ಲಕ್ಷಾಂತರ ಜನ ಸೇರಿದರು, ಶೋ ನಡೆದದ್ದು ನಡುಹಗಲ ಹೊತ್ತಿಗೆ, ಬಿಸಿಲು ನೂಕುನುಗ್ಗಲಿನ ಆ ದಿನ ಐದು ಜನ ಪ್ರಾಣ ಬಿಟ್ಟರು. ನೂಕುನುಗ್ಗಲು ದೋಣಿಯಲ್ಲಿ ಇಲ್ಲ, ಸರಿ. ಆದರೆ ಬಿಸಿಲು ಎರಡು ಕಡೆಯಿಂದ, ಮೇಲಿನದ್ದೊಂದು, ನೀರಿನಿಂದ ಹೊಡೆಯುವುದೊಂದು. ಮಾಡು ಇದ್ದರೆ ಆಕಾಶ ಕಾಣುವುದಿಲ್ಲ, ಮಾಡು ಇಲ್ಲದಿದ್ದರೆ ಬೇಯುತ್ತೀರಿ. ಅರ್ಧ ಮಾಡು ಇರುವ ದೋಣಿ ಹುಡುಕಿ, ಸರದಿಯಲ್ಲಿ ನೆರಳಿಗೆ ಬನ್ನಿ. ಮಲೆನಾಡಿನವರಿಗೆ ಕರಾವಳಿಯ ಸೆಕೆ ಅಭ್ಯಾಸ ಇರುವುದಿಲ್ಲ, ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತಲಾ ಎರಡು ಲೀಟರ್ ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ, ಅಗಲ ಅಂಚಿನ ಟೋಪಿ.

ನೀರು ಕುಡಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದಲ್ಲ. ದೋಣಿಯಲ್ಲಿ ಶೌಚಾಲಯ ಇದೆಯಾ ಅಂತ ಮೊದಲೇ ಕೇಳಿ. ಶೋ ಎರಡೇ ಗಂಟೆ ಇರಬಹುದು, ಆದರೆ ನೀರು ಮುಚ್ಚುವ ಮುಂಚೆ ಹೋಗಿ ನಿಲ್ಲಬೇಕು, ತೆರೆದ ಮೇಲೆ ಎಲ್ಲಾ ದೋಣಿ ಒಟ್ಟಿಗೆ ಹೊರಡುತ್ತವೆ, ಕೂಡಿಸಿದರೆ ಐದು ಗಂಟೆ. ಶೌಚಾಲಯ ಇಲ್ಲದಿದ್ದರೆ ಹೆಂಗಸರು ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ತಲೆ ಸುತ್ತು. ನಿಮ್ಮ ಗುಂಪಿಗೆ ಈ ಒಂದು ಕಾರಣಕ್ಕೇ ದಡವೇ ವಾಸಿ ಅನ್ನಿಸಿದರೂ ನಾನು ತಪ್ಪು ಅನ್ನುವುದಿಲ್ಲ.

ಕ್ಯಾಮೆರಾ ಬಗ್ಗೆ ಕೇಳಿಲ್ಲ, ಆದರೂ ಹನ್ನೊಂದರಲ್ಲಿ ಒಬ್ಬರಾದರೂ ದೊಡ್ಡ ಲೆನ್ಸ್ ತರುತ್ತಾರೆ. ದೋಣಿಯಲ್ಲಿ ಟ್ರೈಪಾಡ್ ಸುಮ್ನೆ ಹೊರೆ. ಜೆಟ್‌ಗೆ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಇನ್ನೂ ವೇಗ ಇಡಿ. ಹೆಲಿಕಾಪ್ಟರಿಗೆ ಅದೇ ಇಟ್ಟರೆ ರೆಕ್ಕೆ ನಿಂತುಹೋಗಿ, ಆಟದ ಸಾಮಾನನ್ನು ದಾರದಲ್ಲಿ ತೂಗು ಹಾಕಿದ ಹಾಗೆ ಕಾಣುತ್ತದೆ, ಅದಕ್ಕೆ ನಿಧಾನ ಮಾಡಬೇಕು. ನಮ್ಮ ಧ್ರುವ ಹೆಲಿಕಾಪ್ಟರ್‌ಗಳ ಸಾರಂಗ್ ತಂಡ ಬಂದರೆ ಇದು ನೆನಪಿರಲಿ, ನವಿಲಿನ ಬಣ್ಣ ಬಳಿದ ಆ ಹೆಲಿಕಾಪ್ಟರ್‌ಗಳ ಚಂದವೇ ರೆಕ್ಕೆ ತಿರುಗುವುದರಲ್ಲಿದೆ. ಬೈನಾಕ್ಯುಲರ್ ತರುವುದಾದರೆ 7 ಪಟ್ಟು ಸಾಕು, ಜಾಸ್ತಿ ದೊಡ್ಡದು ಮಾಡುವುದು ದೋಣಿಯ ನಡುಕವನ್ನೂ ದೊಡ್ಡದು ಮಾಡುತ್ತದೆ. ಡ್ರೋನ್ ಊರಲ್ಲೇ ಬಿಟ್ಟು ಬನ್ನಿ, ಪೊಲೀಸರ ಕೈಗೆ ಸಿಕ್ಕರೆ ಬಿಡುವುದಿಲ್ಲ.

ತಿಂದು ಉಳಿದದ್ದನ್ನು ನೀರಿಗೆ ಎಸೆಯಬೇಡಿ. ಇದು ಬರೀ ಕಸದ ಮಾತಲ್ಲ. ಹದ್ದು, ಕಡಲಹಕ್ಕಿ ಅಲ್ಲಿಗೆ ಸೇರುತ್ತವೆ, ಒಂದು ಹದ್ದು ಎಂಜಿನ್ನಿನೊಳಗೆ ಹೋದರೆ ಒಳಗಿನ ಬ್ಲೇಡುಗಳ ಗತಿ ಏನಾಗುತ್ತದೆ ಅಂತ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. 2025ರಲ್ಲಿ ಬೆಂಗಳೂರಿನ ಏರ್ ಶೋ ಏರೋ ಇಂಡಿಯಾ ಹೊತ್ತಿಗೆ ಯಲಹಂಕದ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೋಣಿ ಹೊಂದದಿದ್ದರೆ ಯಲಹಂಕಕ್ಕೆ ಹೋಗಿ ಬನ್ನಿ, ಒಂದೇ ದಿನದ ಪ್ರಯಾಣ, ನೆಲ ಅಲ್ಲಾಡುವುದಿಲ್ಲ.

ಇನ್ನು ಮ್ಯಾನೇಜರ್ ಸಾರ್. ಈಜು ಬರದಿರುವುದು ದೊಡ್ಡ ವಿಷಯವಲ್ಲ, ಲೈಫ್ ಜಾಕೆಟ್ ಬಿಗಿದುಕೊಂಡು ಕೂತಿದ್ದರೆ ಸಾಕು. ಉತ್ಸಾಹ ಜಾಸ್ತಿ ಅಂದಿರಲ್ಲ, ನನಗೆ ಚಿಂತೆ ಅದು. ಉತ್ಸಾಹದವರೇ ಮೊದಲು ಏಳುವುದು. ಅದಕ್ಕೆ ಒಂದು ಪರೀಕ್ಷೆ ನಿಮ್ಮ ಜಿಲ್ಲೆಯಲ್ಲೇ ಇದೆ. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿಗೆ ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ ದೋಣಿ ಹತ್ತಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಯ ನಡುಗಡ್ಡೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡುತ್ತವೆ. ಬೆಳ್ಳನೆಯ ಚೂಪು ರೆಕ್ಕೆಯ ಹಕ್ಕಿ, ಗಾಳಿಯಲ್ಲಿ ನಿಂತ ಹಾಗೆ ಮಾಡಿ ದಬಕ್ಕನೆ ನೀರಿಗೆ ಬಿದ್ದು ಮೀನು ಎತ್ತುತ್ತದೆ, ಸೂರ್ಯಕಿರಣ್‌ನವರು ನೋಡಿದರೂ ಭೇಷ್ ಅನ್ನಬೇಕು. ಅದು ಬಿದ್ದಾಗ ನಿಮ್ಮ ಹನ್ನೊಂದು ಜನರಲ್ಲಿ ಯಾರ್ಯಾರು ಎದ್ದರು ಅಂತ ಎಣಿಸಿ. ಮೂವರಿಗಿಂತ ಜಾಸ್ತಿ ಎದ್ದರೆ ಏರ್ ಶೋಗೆ ದಡದಲ್ಲಿ ಜಾಗ ಹುಡುಕಿ. ಹೊರಡುವ ಮುಂಚೆ ದೋಣಿ ಬಿಡುತ್ತಿದ್ದಾರಾ ಅಂತ ಒಂದು ಫೋನ್ ಮಾಡಿ ಕೇಳಿಕೊಳ್ಳಿ.